ಅತ್ತೆಯರ ಕುಂಬಳ

ಜಪಾನಿನವರು ಸಿಹಿಗುಂಬಳಕ್ಕೆ ಬಾಯಿ ಚಪ್ಪರಿಸಿದ್ದೇ ತಡ, ಟೋಂಗಾ ದ್ವೀಪಕ್ಕೆ ಹುಚ್ಚು ಹಿಡಿಯಿತು. ಹಂದಿಗೆ ಹಾಕುತ್ತಿದ್ದ ಕಾಯಿ ಹಡಗು ಹತ್ತಿತು. ಹಡಗು ಹೊರಟ ವಾರದಲ್ಲೇ ಬಡಗಿಗೆ ಪುರುಸೊತ್ತಿಲ್ಲ, ಮೀನಿನವಳ ಬುಟ್ಟಿ ಬೆಳಗ್ಗೆಯೇ ಖಾಲಿ, ಚರ್ಚಿಗೆ ಹೊಸ ಚಾವಣಿ! ಸೇಮಿಸಿಯ ಆಸೆ ಇಷ್ಟೇ: ಹತ್ತು ಪೆಟ್ಟಿಗೆ ಕುಂಬಳ ಕಳಿಸಿ, ಮಳೆನೀರು ಹಿಡಿಯಲು ಸಿಮೆಂಟ್ ತೊಟ್ಟಿ ಕಟ್ಟಿಸಬೇಕು. ಹೆಂಡತಿ ಮೆಲೆನೈತೆ ಚರ್ಚಿನ ತೊಟ್ಟಿಯಿಂದ ನೀರು ಹೊತ್ತು ಹೊತ್ತು ಸೊಂಟ ಮುರಿದುಕೊಂಡಿದ್ದಳು.

ಹತ್ತಕ್ಕೆ ಒಂದು ಕಡಿಮೆಯಾದರೂ ಏಜೆಂಟ್ ಪೇನಿ ಲಾರಿಗೆ ಹತ್ತಿಸುವವನಲ್ಲ. ಲಾರಿ ಬರುವುದು ಶನಿವಾರ ಮಧ್ಯಾಹ್ನ, ಹಡಗು ಹೊರಡುವುದು ಅಂದೇ ಸಂಜೆ. ಭಾನುವಾರ ಈ ದೇಶದಲ್ಲಿ ಯಾರೂ ಒಂದು ಕಡ್ಡಿಯನ್ನೂ ಎತ್ತಿಡುವುದಿಲ್ಲ.

ಶನಿವಾರ ಬೆಳಗ್ಗೆ ಹತ್ತೂ ಪೆಟ್ಟಿಗೆ ತುಂಬಿ ನಿಂತಿದ್ದವು. ಆಗ ಕೈಗಾಡಿ ತಳ್ಳಿಕೊಂಡು ಬಂದಳು ಲೋಸೆ ಅತ್ತೆ. ಅವಳು ಸೇಮಿಸಿಯ ಅಪ್ಪನ ಅಕ್ಕ; ಈ ದೇಶದಲ್ಲಿ ಅಪ್ಪನ ಒಡಹುಟ್ಟಿದವಳು ಬೆರಳು ತೋರಿಸಿದ್ದೆಲ್ಲ ಅವಳದ್ದೇ. ಇಲ್ಲ ಎನ್ನುವ ಸೋದರಳಿಯ ಟೋಂಗಾದಲ್ಲಿ ಇನ್ನೂ ಹುಟ್ಟಿಲ್ಲ.

"ಈ ಪೆಟ್ಟಿಗೆ ಚೆನ್ನಾಗಿದೆ ಕಣೋ," ಎಂದಳು.

"ತಗೊಳ್ಳಿ ಅತ್ತೆ," ಎಂದ ಸೇಮಿಸಿ ಹಲ್ಲು ಕಚ್ಚಿಕೊಂಡು. "ನಿಮ್ಮ ಹಂದಿ ಪುಣ್ಯ ಮಾಡಿತ್ತು."

"ಹಂದಿಗ್ಯಾಕೋ? ನಾನೂ ಜಪಾನಿಗೆ ಕಳಿಸ್ತೀನಿ! ಹನ್ನೆರಡು ಜನ ಸೋದರಳಿಯಂದಿರು, ಮನೆಗೊಂದು ಪೆಟ್ಟಿಗೆ. ಒಂದು ಬೀಜ ಬಿತ್ತಿಲ್ಲ ನೋಡು!" ಅತ್ತೆ ಹೊಟ್ಟೆ ಕುಣಿಸಿ ನಕ್ಕಳು.

ಅವಳು ಅತ್ತ ಹೋದದ್ದೇ ಸೇಮಿಸಿ ತಲೆಯ ಮೇಲೆ ಕೈಹೊತ್ತು ಕುಳಿತ. ತೊಟ್ಟಿ ಹೋಯಿತು! ಕುದಿಯುತ್ತಿದ್ದ ಮೆಲೆನೈತೆಯ ಮುಖ ಮಾತ್ರ ಇದ್ದಕ್ಕಿದ್ದಂತೆ ಅರಳಿತು.

"ರೀ, ನಾನೂ ಒಬ್ಬಳಿಗೆ ಅತ್ತೇನೇ ಅಲ್ವಾ? ಪಕ್ಕದೂರಲ್ಲಿ ನನ್ನ ತಮ್ಮನ ಮಗಳಿದ್ದಾಳಲ್ಲ!"

ಕೈಗಾಡಿ ಎಳೆದುಕೊಂಡು ಓಡಿಯೇಬಿಟ್ಟಳು. ಲಾರಿ ಹಾರ್ನ್ ಹೊಡೆಯುವ ಹೊತ್ತಿಗೆ ಗಾಡಿ ತುಂಬ ಕುಂಬಳ ಹೇರಿಕೊಂಡು, ಏದುಸಿರು ಬಿಡುತ್ತ ಬಂದಳು.

"ಸೊಸೆ ಬೈದಳಾ?" ಎಂದ ಸೇಮಿಸಿ.

"ಬೈಯೋಕೆ ಪುರುಸೊತ್ತೆಲ್ಲಿ? ಅವಳೂ ಗಾಡಿ ತಗೊಂಡು ತನ್ನ ಅಣ್ಣನ ಮಕ್ಕಳ ಮನೆಗೆ ಓಡಿದ್ಲು!"

ಸೇಮಿಸಿ ರಸ್ತೆಯತ್ತ ನೋಡಿದ. ಕಣ್ಣು ಹಾಯಿಸಿದಲ್ಲೆಲ್ಲ ಅತ್ತೆಯರು, ಕೈಗಾಡಿಗಳು, ಉರುಳಾಡುವ ಕುಂಬಳಗಳು. ಅವನಿಗೆ ನಗು ತಡೆಯಲಾಗಲಿಲ್ಲ.

"ಯಾವ ಕುಂಬಳ ಯಾರದ್ದು ಮಾರಾಯ್ರೇ?" ಏಜೆಂಟ್ ಪೇನಿ ಕೂಗಾಡಿದ.

"ಜಪಾನಿನವರದ್ದು. ಹತ್ತಿಸಪ್ಪಾ ಸುಮ್ನೆ!" ಎಂದಳು ಮೆಲೆನೈತೆ.

ಹತ್ತನೆಯ ಪೆಟ್ಟಿಗೆಯೂ ಲಾರಿ ಹತ್ತಿತು. ಲೋಸೆ ಅತ್ತೆ ಆಗಲೇ ಲಾರಿಯ ಮೇಲೆ ತನ್ನ ಹನ್ನೆರಡು ಪೆಟ್ಟಿಗೆಗಳ ನಡುವೆ ರಾಣಿಯ ಹಾಗೆ ಕುಳಿತಿದ್ದಳು.

"ಲೇ ಸೇಮಿಸೀ, ತೊಟ್ಟಿ ದೊಡ್ಡದೇ ಕಟ್ಟಿಸೋ. ನಮ್ಮನೆಗೂ ನೀರು ಬೇಕು!"

"ಆಗಲಿ ಅತ್ತೆ," ಎಂದ ಸೇಮಿಸಿ. ಈ ಸಲ ಹಲ್ಲು ಕಚ್ಚಲಿಲ್ಲ.