ನಾನು ಹೋದ ಮೇಲೆ ಕೆಡುವ ಗಂಟೆ

ಕಲಬುರಗಿಯ ಒಂದು ಕಾಲೇಜಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಫಿಜಿಕ್ಸ್ ಲ್ಯಾಬಿನ ಅಟೆಂಡರ್. ಮೀಟರು, ಬ್ಯಾಟರಿ, ವೈರು ಎಲ್ಲ ನನ್ನ ಕೈಯಲ್ಲೇ ಹಾದುಹೋಗಬೇಕು. ಏನಾದರೂ ಕೆಟ್ಟರೆ ಪಾಠ ಹೇಳುವವರೇ ಬಂದು, ಮಹಾದೇವಪ್ಪ ಸ್ವಲ್ಪ ನೋಡ್ರಿ ಅನ್ನುತ್ತಾರೆ. ಅಂಥವನನ್ನು ಅಂಗೈಯಗಲದ ಒಂದು ಪ್ಲಾಸ್ಟಿಕ್ ಗಂಟೆ ಎರಡು ತಿಂಗಳು ಕುಣಿಸಿತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಗಂಟೆ ನಮ್ಮ ಅವ್ವನದು. ಅವ್ವ, ಸಾವಿತ್ರಿಬಾಯಿ, ಕಮಲಾಪುರದಲ್ಲಿ ನನ್ನ ತಮ್ಮ ಕುನಾಲನ ಮನೆಯಲ್ಲಿದ್ದಾಳೆ. ಜನವರಿಯಲ್ಲಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಅಂದಿನಿಂದ ಯಾರಾದರೂ ಹಿಡಿಯದೆ ಮಂಚದಿಂದ ಇಳಿಯುವ ಹಾಗಿಲ್ಲ. ಕುನಾಲ ಬೆಳಿಗ್ಗೆ ಬಸ್ ಡಿಪೋಗೆ ಹೋದರೆ ಸಂಜೆಗೇ ಬರುವುದು. ಹಗಲೆಲ್ಲ ಅವ್ವನನ್ನು ನೋಡಿಕೊಳ್ಳುವವಳು ಅವನ ಹೆಂಡತಿ ಗೌತಮಿ. ಅವಳು ಹಿತ್ತಲ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತಾಳೆ. ಮಷಿನ್ ತಿರುಗುವಾಗ ಮುಂದಿನ ಕೋಣೆಯಿಂದ ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೆ ಅವಳೇ ಒಂದು ವೈರ್‌ಲೆಸ್ ಕರೆಗಂಟೆ ತರಿಸಿದಳು. ಒತ್ತುವ ಗುಂಡಿ ಅವ್ವನ ದಿಂಬಿನ ಕೆಳಗೆ, ಗಂಟೆ ಮಷಿನ್ ಪಕ್ಕದ ಗೋಡೆಯ ಮೇಲೆ. ಎರಡೂ ಸೆಲ್ಲಿನ ಮೇಲೆ ನಡೆಯುತ್ತವೆ.

ಏಪ್ರಿಲ್ ಹದಿನಾಲ್ಕರ ಜಯಂತಿಗೆ ಊರಿಗೆ ಹೋದಾಗ ನಾನೂ ಅವ್ವನಿಗೆ ಒಂದು ಒಳ್ಳೆಯ ಫ್ಯಾನು ಹಾಕಿಸಿದೆ. ರಿಮೋಟಿನದು. ಫ್ಯಾನಿನ ಕಡೆಗೆ ಹಿಡಿಯುವುದೂ ಬೇಕಿಲ್ಲ, ಎಲ್ಲಿ ಕೂತು ಒತ್ತಿದರೂ ನಡೆಯುತ್ತದೆ. ಧೂಳು ಹೋಗಬಾರದೆಂದು ರಿಮೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಟೇಪು ಬಿಗಿದು, ಮೇಲೆ ಎರಡು ರಬ್ಬರ್ ಬ್ಯಾಂಡು ಹಾಕಿ, ಮಂಚದ ಪಕ್ಕದ ಮೊಳೆಗೆ ನೇತುಹಾಕಿದೆ. ನಮ್ಮ ಮನೆಯಲ್ಲಿ ಯಾವ ರಿಮೋಟೂ ಬತ್ತಲೆ ಇರುವ ಪದ್ಧತಿಯಿಲ್ಲ. ಆದರೆ ಅದರ ಸೆಲ್ಲು ನಾಲ್ಕು ದಿನಕ್ಕೆ ಸಾಯುತ್ತಿದ್ದವು. ಇವರು ದಿನವಿಡೀ ಒತ್ತುತ್ತ ಕೂಡುತ್ತಾರೆ ಎಂದು ಬೈದುಕೊಳ್ಳುತ್ತ ಪ್ರತಿ ಭಾನುವಾರ ಹೊಸ ಸೆಲ್ಲು ಹಾಕಿ ಬರುತ್ತಿದ್ದೆ. ರಿಮೋಟು ಕೆಲಸ ಮಾಡಲ್ಲ, ಗೋಡೆಯ ಸ್ವಿಚ್ಚೇ ಹಾಕುತ್ತೇವೆ ಎಂದು ಗೌತಮಿ ಒಮ್ಮೆ ಅಂದಳು. ಕೈ ನೆಟ್ಟಗಿದ್ದರೆ ಎಲ್ಲ ಕೆಲಸ ಮಾಡುತ್ತದೆ ಅಂದೆ.

ಆ ಹೊತ್ತಿಗೇ ಅವ್ವನ ಫೋನು ಶುರುವಾಗಿದ್ದವು. ಗುಂಡಿ ಒತ್ತಿದರೂ ಗೌತಮಿ ಬರುವುದಿಲ್ಲವಂತೆ. ಗೌತಮಿಯನ್ನು ಕೇಳಿದರೆ ಗಂಟೆ ಹೊಡೆಯಲೇ ಇಲ್ಲ ಅನ್ನುತ್ತಾಳೆ. ಭಾನುವಾರ ನಾನು ಹೋಗಿ ಚಪ್ಪಲಿ ಬಿಡುವ ಮೊದಲೇ ಗುಂಡಿ ಒತ್ತಿದರೆ ಹಿತ್ತಲಲ್ಲಿ ಟಿಂಗ್ ಟಾಂಗ್. ಮತ್ತೆ ಒತ್ತಿದರೆ ಮತ್ತೆ ಟಿಂಗ್ ಟಾಂಗ್. ಅಗ್ಗದ ಮಾಲು ಇರಬೇಕೆಂದು ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿರುವ ಫುರ್ಕಾನನ ಎಲೆಕ್ಟ್ರಾನಿಕ್ ಅಂಗಡಿಯಿಂದ ಇನ್ನೊಂದು ಗಂಟೆ ತಂದು ಹಾಕಿದೆ. ಅದೂ ಅದೇ ಕಥೆ. ಆಗ ನನ್ನ ಪಿತ್ತ ನೆತ್ತಿಗೇರಿತು. ಕುನಾಲನ ಎದುರಿಗೇ ಗೌತಮಿಗೆ ಅಂದೆ.

"ಗಂಟೀಗಿ ಏನೂ ಆಗಿಲ್ಲ. ನಿನ್ನ ಕಿವಿ ತೋರ್ಸ್ಕೋ."

ಗೌತಮಿ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. "ನೀವು ಇದ್ದಾಗ ಹೊಡೀತದರೀ ಭಾವಾ. ನೀವು ಹ್ವಾದ ಮ್ಯಾಲ ಕೆಡ್ತದ."

ಈ ಮಾತಿಗೆ ಏನು ಹೇಳುತ್ತೀರಿ? ಗಂಟೆಗೆ ನಾನೇನು ಮಾವನೋ, ಎದುರಿಗೆ ಮಾತ್ರ ಮರ್ಯಾದೆ ತೋರಿಸುವುದಕ್ಕೆ? ಸುಳ್ಳಿಗೂ ಒಂದು ಅಳತೆ ಬೇಡವೇ ಎಂದು ಬಸ್ಸಿನಲ್ಲಿ ಕಲಬುರಗಿಯವರೆಗೆ ಒಬ್ಬನೇ ಗೊಣಗಿದೆ.

ಜೂನ್ ಮೊದಲ ಸೋಮವಾರ ಅವ್ವ ಫೋನಿನಲ್ಲಿ ಅತ್ತಳು. ಒತ್ತಿ ಒತ್ತಿ ಬೆರಳು ನೋವು ಬಂತಂತೆ, ಯಾರೂ ಬರಲಿಲ್ಲವಂತೆ, ಹಾಸಿಗೆ ಒದ್ದೆಯಾಯಿತಂತೆ. ನಾಲ್ಕು ಮಕ್ಕಳ ಹಾಸಿಗೆ ಒಗೆದವಳು ಅದನ್ನು ಮಗನಿಗೆ ಹೇಳಬೇಕಾಯಿತು.

"ಇನ್ನ ಮ್ಯಾಲ ನಾ ನೀರೇ ಕುಡಿಯಂಗಿಲ್ಲ ಮಗಾ. ಕುಡದ್ರ ತಾನೇ ಎಬ್ಬಿಸ್ರಿ ಅನ್ನಾದು."

ಆ ಬಿಸಿಲಿನಲ್ಲಿ, ಆ ವಯಸ್ಸಿನಲ್ಲಿ, ನೀರು ಬಿಟ್ಟರೆ ಎಷ್ಟು ದಿನ? ನಾನು ಮಂಗಳವಾರ ರಜೆ ಹಾಕಿದೆ. ಯಾರಿಗೂ ತಿಳಿಸದೆ ಹೋಗಿ ಗೌತಮಿಯನ್ನು ರೆಡ್‌ಹ್ಯಾಂಡಾಗಿ ಹಿಡಿಯಬೇಕೆಂದು ಮೊದಲ ಬಸ್ಸಿಗೇ ಹೊರಟೆ.

ಅವ್ವನ ತುಟಿ ಒಣಗಿ ಬಿರಿದಿದ್ದವು. ಮಂಚದ ಪಕ್ಕದಲ್ಲಿ ತಂಬಿಗೆ ತುಂಬ ನೀರು ಹಾಗೇ ಇತ್ತು. ನಾನು ದಿಂಬಿನ ಕೆಳಗೆ ಕೈ ಹಾಕಿ ಗುಂಡಿ ಒತ್ತಿದೆ. ಸದ್ದಿಲ್ಲ. ಇನ್ನೊಮ್ಮೆ ಒತ್ತಿದೆ. ಗುಂಡಿ ಹಿಡಿದುಕೊಂಡೇ ಹಿತ್ತಲಿಗೆ ಓಡಿದರೆ ಗೌತಮಿ ಗಂಟೆಯ ಕೆಳಗೇ ಕೂತು ಕೈಯಲ್ಲಿ ಬ್ಲೌಸಿಗೆ ಹುಕ್ಕು ಹೊಲಿಯುತ್ತಿದ್ದಾಳೆ. ಮಷಿನ್ ಕೂಡ ನಡೆಯುತ್ತಿಲ್ಲ. ಅವಳ ಕಣ್ಣೆದುರಿಗೇ ಮತ್ತೆ ಒತ್ತಿದೆ. ಗಂಟೆ ಸುಮ್ಮನಿತ್ತು. ಅವಳು ಗಂಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಸೂಜಿ ಎತ್ತಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು.

ಫುರ್ಕಾನನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವನು ಪೂರ್ತಿ ಕೇಳಿಕೊಂಡ.

"ಗಂಟಿ ಖರಾಬ್ ಇಲ್ಲರೀ. ನಿಮ್ಮ ಮನ್ಯಾಗ ಇನ್ನೊಂದು ಏನೋ ವೈರ್‌ಲೆಸ್ ಒಂದೇ ಸಮ ಒದರಾಕತ್ತದ. ಅದರ ಗದ್ದಲದಾಗ ಇದರ ಆವಾಜ್ ಗಂಟೀಗಿ ಕೇಳವಲ್ದು. ಮೊದಲ ಅದನ್ನ ಹುಡುಕ್ರಿ."

ಹುಡುಕಿದೆ. ಟಿವಿ, ಫ್ರಿಜ್, ಇಂಟರ್‌ನೆಟ್ ಡಬ್ಬಿ ಒಂದೊಂದೇ ಬಂದ್ ಮಾಡಿ ಒತ್ತಿದೆ. ಇಲ್ಲ. ಮೇನ್ ಸ್ವಿಚ್ಚೇ ಇಳಿಸಿದೆ. ಆಗಲೂ ಇಲ್ಲ, ಮೇಲೆ ಸೆಕೆ ಬೇರೆ. ಗಂಟೆ, ಗುಂಡಿ ಎರಡನ್ನೂ ಹಿಡಿದು ರಸ್ತೆಯ ಆ ತುದಿಗೆ ಹೋಗಿ ಒತ್ತಿದರೆ ಟಿಂಗ್ ಟಾಂಗ್. ಮನೆಗೆ ತಂದರೆ ಮೂಕ. ಅಂದರೆ ಶನಿ ಮನೆಯೊಳಗೇ ಇದೆ, ಕರೆಂಟಿಲ್ಲದೆ ನಡೆಯುವಂಥದು. ಗೋಡೆ ಗಡಿಯಾರ, ಬ್ಯಾಟರಿ ದೀಪ, ಟಿವಿ ರಿಮೋಟು, ಕುನಾಲನ ಗಡ್ಡದ ಮಷಿನ್, ಎಲ್ಲದರ ಸೆಲ್ಲು ಕಿತ್ತು ಅವ್ವನ ಕಾಲ ಬಳಿ ಗುಡ್ಡೆ ಹಾಕಿದೆ. ಗಂಟೆ ಉಸಿರೆತ್ತಲಿಲ್ಲ. ತಲೆ ಚಿಟ್ಟು ಹಿಡಿದು ನೆಲದ ಮೇಲೆ ಕೂತುಬಿಟ್ಟೆ.

ಆಗ ಗೌತಮಿ ಒಳಗಿನಿಂದ ಕ್ಯಾಲೆಂಡರ್ ತಂದು ನನ್ನ ಮುಂದಿಟ್ಟಳು. ಗಂಟೆ ಹೊಡೆಯದ ದಿನಗಳಿಗೆಲ್ಲ ಸೀಮೆಸುಣ್ಣದಲ್ಲಿ ಗೀಟು. ಪ್ರತಿ ವಾರ ಭಾನುವಾರ ಸಂಜೆಯಿಂದ ಗುರುವಾರದವರೆಗೆ. ಶುಕ್ರವಾರ, ಶನಿವಾರ ಖಾಲಿ.

"ನಾ ಸುಳ್ಳ ಹೇಳಿಲ್ಲರೀ ಭಾವಾ. ನೀವು ಹೋಗೂ ಮುಂದ ಏನ್ ಮಾಡಿ ಹೋಗ್ತೀರಿ, ಅದೊಂದು ಹೇಳ್ರಿ."

ಏನು ಮಾಡುತ್ತೇನೆ? ಊಟ ಮಾಡುತ್ತೇನೆ, ಅವ್ವನ ಗುಳಿಗೆ ನೋಡುತ್ತೇನೆ, ಫ್ಯಾನಿನ ರಿಮೋಟಿಗೆ ಹೊಸ ಸೆಲ್ಲು…

ಅಲ್ಲಿಗೆ ನನ್ನ ಬಾಯಿ ನಿಂತಿತು. ಮನೆಯಲ್ಲಿ ಎಲ್ಲದರ ಸೆಲ್ಲು ಕಿತ್ತಿದ್ದೆ, ಅದರದೊಂದನ್ನು ಬಿಟ್ಟು. ಮೊನ್ನೆ ನಾನೇ ಕೈಯಾರೆ ಹಾಕಿದ ಸೆಲ್ಲು, ಅದರಲ್ಲೇನು ದೋಷ ಎಂದು ಮುಟ್ಟಿರಲೇ ಇಲ್ಲ. ಮೊಳೆಯಿಂದ ಇಳಿಸಿ ನೋಡಿದೆ. ರಬ್ಬರ್ ಬ್ಯಾಂಡಿನ ಕೆಳಗೆ ಕೊನೆಯ ಗುಂಡಿ ಒಳಗೆ ಒತ್ತಿಕೊಂಡೇ ಇತ್ತು. ಸೆಲ್ಲು ಸಾಯುವವರೆಗೆ ಹಗಲೂ ರಾತ್ರಿ ಅದು ಒದರುತ್ತಿತ್ತು. ಅದು ಸತ್ತು ಗಂಟೆಗೆ ಜೀವ ಬಂದ ಮೇಲೆ ಭಾನುವಾರ ನಾನು ಬಂದು ಪರೀಕ್ಷೆ ಮಾಡುತ್ತಿದ್ದೆ, ಗೌತಮಿಯನ್ನು ಬೈಯುತ್ತಿದ್ದೆ, ಹೊಸ ಸೆಲ್ಲು ಹಾಕಿ ಬಿಗಿಯಾಗಿ ಕಟ್ಟಿ ಹೋಗುತ್ತಿದ್ದೆ.

ಕತ್ತರಿ ಕೇಳಿದೆ. ಗೌತಮಿ ಕೊಟ್ಟಳು. ರಬ್ಬರು, ಟೇಪು, ಚೀಲ ಎಲ್ಲ ಕತ್ತರಿಸಿ ಒಗೆದು ಗಂಟೆಯ ಗುಂಡಿ ಒತ್ತಿದೆ. ಹಿತ್ತಲಲ್ಲಿ ಟಿಂಗ್ ಟಾಂಗ್ ಅಂದಿತು. ಆ ಸದ್ದಿಗೆ ನನಗೆ ಖುಷಿಯಾಗಲಿಲ್ಲ, ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಪ್ಪಾಯಿತು ಎಂದು ಗೌತಮಿಗೆ ಹೇಳಿದೆ. ಅವಳು ನೆಲದ ಮೇಲಿನ ಟೇಪಿನ ಚೂರು ಆರಿಸಿಕೊಂಡು, ಕೆಲಸ ಬಾಕಿಯಿದೆ ಎಂದು ಹಿತ್ತಲಿಗೆ ಹೋದಳು. ಮಷಿನ್ ತಿರುಗತೊಡಗಿತು.

ಅವ್ವ ಎಲ್ಲ ನೋಡುತ್ತ ಮಲಗಿದ್ದಳು. "ಅಕೀಗಿ ಕೇಳಿಸೇ ಇಲ್ಲೇನು ಇಷ್ಟ ದಿನ?"

"ಇಲ್ಲವ್ವ. ಎಲ್ಲಾ ನನ್ನಿಂದ ಆಗ್ಯದ."

ಅವಳು ಕೈ ಚಾಚಿ ನನ್ನಿಂದ ಗುಂಡಿ ತೆಗೆದುಕೊಂಡು ತಾನೇ ಒತ್ತಿದಳು. ಮಷಿನ್ ನಿಂತಿತು. ಹೆಗಲ ಮೇಲೆ ಅಳತೆ ಟೇಪು ಹಾಕಿಕೊಂಡೇ ಗೌತಮಿ ಬಾಗಿಲಿಗೆ ಬಂದಳು. ಅವ್ವ ಅವಳ ಮುಖ ನೋಡಿದಳು.

"ನೀರು ಕೊಡವ್ವ," ಅಂದಳು. "ತಂಬಿಗಿ ತುಂಬ ಕೊಡು."