ಸಾಹೇಬರ ಬಾಗಿಲಿಗೆ ಒಂದು ಕಾಲು

"ಎದ್ದು ನಿಲ್ಲೋ ಬೋಳಿಮಗನೇ! ಸಾಹೇಬ್ರು ಬಂದಿರೋದು ಕಾಣಲ್ವಾ?"

"ಕಾಲು ಕೊಡಿ ಸಾರ್, ನಿಲ್ತೀನಿ," ಎಂದ ನೆಲದ ಮೇಲೆ ಕೂತಿದ್ದ ದರ್ಜಿ.

ಹೆಡ್ ವಾರ್ಡರ್ ಅವನ ಬೆನ್ನಿಗೆ ಲಾಠಿಯಿಂದ ಒಂದು ಬಿಗಿದ. ನಮ್ಮ ಜೈಲಿನಲ್ಲಿ ಸಾಹೇಬರು ಬಂದರೆ ಎಲ್ಲರೂ ಸೆಟೆದು ನಿಂತು ಸಲಾಮು ಹೊಡೆಯಬೇಕು. ನಿದ್ದೆಯಲ್ಲಿದ್ದರೂ ಸರಿ, ಬಾಯಲ್ಲಿ ತುತ್ತಿದ್ದರೂ ಸರಿ. ನಿಲ್ಲದವನಿಗೆ ಆ ಹೊತ್ತಿನ ಊಟವಿಲ್ಲ. ದರ್ಜಿಗೆ ಮೊಣಕಾಲಿನಿಂದ ಕೆಳಗೆ ಬಲಗಾಲಿಲ್ಲ. ಮರದ ಕಾಲೊಂದಿತ್ತು, ಒಳಗೆ ಬಂದ ದಿನವೇ ಅದನ್ನು ಮಾರಕಾಸ್ತ್ರವೆಂದು ಕಿತ್ತುಕೊಂಡರು. ಈಗ ಆ ಮಾರಕಾಸ್ತ್ರ ಸಾಹೇಬರ ಕೋಣೆಯಲ್ಲಿ, ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತು ಕೊಟ್ಟು ನಿಂತಿದೆ. ಆ ಕೋಣೆ ಗುಡಿಸುವವನು ನಾನೇ. ಬೆಳಿಗ್ಗೆ ಕಾಲಿನ ಧೂಳು ಒರೆಸುತ್ತೇನೆ, ಆಮೇಲೆ ಅದರ ಯಜಮಾನನನ್ನು ಬೆನ್ನ ಮೇಲೆ ಹೊತ್ತು ಕಕ್ಕಸಿಗೆ ಒಯ್ಯುತ್ತೇನೆ. ಹಾಗಾಗಿ ಇಲ್ಲಿ ನನ್ನ ಹೆಸರು ಕತ್ತೆ.

"ನನ್ನ ಕಾಲು ಹೇಗಿದೆಯೋ?" ಎಂದು ದರ್ಜಿ ದಿನಾ ಕೇಳುತ್ತಾನೆ, ಮದುವೆ ಮಾಡಿ ಕಳಿಸಿದ ಮಗಳನ್ನು ವಿಚಾರಿಸುವ ಹಾಗೆ.

"ಚೆನ್ನಾಗಿದೆ. ಫ್ಯಾನಿನ ಕೆಳಗೆ ತಣ್ಣಗಿದೆ."

ನಗುತ್ತಾನೆ. ಆದರೆ ನಾನು ಜ್ವರದಲ್ಲಿ ಬಿದ್ದಾಗ ಅವನು ಆ ಒದ್ದೆ ಕಕ್ಕಸಿನ ನೆಲದಲ್ಲಿ ಅಂಗೈ ಊರಿ ತೆವಳಿದ. ಅವತ್ತು ಅದೇ ಕೈಯಲ್ಲಿ ಅನ್ನ ಮುಟ್ಟಲಾರದೆ ತಟ್ಟೆ ಸರಿಸಿದ. ಇನ್ನು ಸ್ವಲ್ಪ ದಿನಕ್ಕೆ ನನ್ನ ಬಿಡುಗಡೆ. ಆಮೇಲೆ ಇವನಿಗೆ ಕತ್ತೆ ಯಾರು?

ಆಗಲೇ ಸುದ್ದಿ ಬಂತು: ಇಲಾಖೆಗೆ ಸೇರದ, ಯಾರ ಮುಲಾಜಿಗೂ ಬೀಳದ ಸಮಿತಿಯೊಂದು ಅಂಗವಿಕಲ ಕೈದಿಗಳನ್ನು ಕಾಣಲು ಬರುತ್ತದಂತೆ. ಸಾಹೇಬರು ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡಿದರು. ಉಗ್ರಾಣದಿಂದ ಗಾಲಿಕುರ್ಚಿ ಹೊರಬಂತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನೇ ಇನ್ನೂ ಯಾರೂ ಬಿಚ್ಚಿರಲಿಲ್ಲ.

"ಆ ಕುಂಟನ ನಾಲಿಗೆ ಉದ್ದ. ಅವನನ್ನ ಕಂಬಳಿ ಇಡೋ ಕೋಣೇಲಿ ಹಾಕಿ ಬೀಗ ಜಡಿ," ಎಂದರು ಸಾಹೇಬರು. "ಕುರ್ಚೀಲಿ ಬೇರೆ ಯಾವನನ್ನಾದ್ರೂ ಕೂರಿಸು."

ಕೂರಿಸಿದ್ದು ಜಿಂಕೆಯನ್ನು. ಪೊಲೀಸರನ್ನು ಬೀದಿಬೀದಿ ಓಡಿಸಿ ಹೆಸರು ಮಾಡಿದ ಜೇಬುಗಳ್ಳ. ಕಾಲಿಗೆ ಕಂಬಳಿ ಹೊದಿಸಿ ತಾಲೀಮು ಶುರುವಾಯಿತು.

"ಮುಖ ಸಣ್ಣಗೆ ಮಾಡೋ," ಎಂದ ಹೆಡ್ ವಾರ್ಡರ್.

ಜಿಂಕೆ ಮಾಡಿದ.

"ಥೂ, ಭೇದಿ ಆದವನ ಹಾಗಲ್ಲೋ ಮಂಗ, ಕಾಲಿಲ್ಲದವನ ಹಾಗೆ!"

"ಕಾಲಿಲ್ಲದ ದರ್ಜಿ ಯಾವಾಗ್ಲೂ ನಗ್ತಾ ಇರ್ತಾನಲ್ಲ ಸಾರ್?"

ಕಪಾಳಕ್ಕೆ ಒಂದು ಬಿತ್ತು. ಮುಖ ತಾನಾಗಿಯೇ ಸಣ್ಣಗಾಯಿತು.

ಸಮಿತಿಯಿಂದ ಬಂದವರು ನರೆಗೂದಲ ಒಬ್ಬ ಅಮ್ಮ. ನಾವೆಲ್ಲ ಬ್ಯಾರಕ್ಕಿನಲ್ಲಿ ಸಾಲಾಗಿ ಕೂತಿದ್ದೆವು. ಅವರು ನೇರ ಜಿಂಕೆಯ ಹತ್ತಿರ ಹೋಗಿ ಕೇಳಿದರು.

"ಯಾವಾಗಿಂದ ಹೀಗಾಯ್ತಪ್ಪ?"

"ಹುಟ್ಟಿದಾಗಿಂದ್ಲೂ ಕಾಲಿಗೆ ಜೀವ ಇಲ್ಲ ಅಮ್ಮಾ."

"ಯಾವ ಕೇಸು?"

"ಜೇಬಿಗೆ ಕೈ ಹಾಕಿ ಓಡ್ತಾ ಇದ್ದೆ, ಹಿಡ್ಕೊಂಡ್ಬಿಟ್ರು."

ಹೆಡ್ ವಾರ್ಡರ್ ಕೆಮ್ಮಿದ. "ಕೈಯಲ್ಲೇ ಓಡ್ತಿದ್ದ ಮೇಡಂ."

ಅಷ್ಟರಲ್ಲಿ ಬೂಟಿನ ಸದ್ದು. ಹಾಳು ಅಭ್ಯಾಸ, ಹೆಡ್ ವಾರ್ಡರನೇ "ಸಾಹೇಬ್ರು!" ಎಂದು ಕೂಗಿಬಿಟ್ಟ. ಎಲ್ಲರೂ ಎದ್ದೆವು. ಎಲ್ಲರಿಗಿಂತ ಮೊದಲು ಎದ್ದವನು ಜಿಂಕೆ. ಕಂಬಳಿ ಒಂದು ಕಡೆ, ಕುರ್ಚಿ ಒಂದು ಕಡೆ, ನಡುವೆ ಸೆಟೆದು ನಿಂತ ಜಿಂಕೆಯ ಸಲಾಮು.

ಸಾಹೇಬರ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. "ನೋಡಿದ್ರಾ ಮೇಡಂ! ಇದು ನಮ್ಮ ಜೈಲಿನ ಚಿಕಿತ್ಸೆ!"

ಅಮ್ಮ ನಗಲಿಲ್ಲ. "ನಿಜವಾಗ್ಲೂ ಕಾಲಿಲ್ಲದವರು ಯಾರಿದ್ದಾರೆ?"

"ಒಬ್ರೂ ಇಲ್ಲ," ಎಂದರು ಸಾಹೇಬರು.

ಬಾಯಿ ಬಿಟ್ಟರೆ ನನ್ನ ಬಿಡುಗಡೆ ಗೋವಿಂದ. ಸುಮ್ಮನೆ ನೆಲದ ಮೇಲೆ ಕೂತುಬಿಟ್ಟೆ, ಸಾಹೇಬರ ಎದುರಿಗೇ.

"ಏಳೋ ಕತ್ತೆ!" ಎಂದು ಹೆಡ್ ವಾರ್ಡರ್ ಅರಚಿದ.

"ಆಗಲ್ಲ ಸಾರ್," ಎಂದೆ ಕೊನೆಗೆ. "ಕಾಲು ಸಾಹೇಬ್ರ ಬಾಗಿಲ ಹತ್ರ ಇದೆ."

ಜಿಂಕೆ ಪಕ್ಕದಲ್ಲಿ ಕುಸಿದ. "ನಂದೂ ಅಲ್ಲೇ ಇದೆ ಸಾರ್." ಅಡುಗೆಯ ದಡಿಯ ಕೂತ. "ನಂದು ಎರಡೂ ಅಲ್ಲೇ." ಸಾಲಿಗೆ ಸಾಲೇ ಕೂತಿತು.

ಹೆಡ್ ವಾರ್ಡರ್ ನನ್ನ ಕಿವಿಗೆ ಬಗ್ಗಿದ. "ಇವಳು ಹೋಗ್ಲಿ, ನಿನ್ನ ಕಾಲು ಮುರೀತೀನಿ."

"ಅಮ್ಮಾ, ಇನ್ನೊಂದು ಚಿಕಿತ್ಸೆ ಹೇಳ್ತಿದ್ದಾರೆ!" ಎಂದು ಜಿಂಕೆ ಕೂಗಿದ.

ಅಮ್ಮ ಸಾಹೇಬರ ಕೋಣೆಯತ್ತ ನಡೆದರು. ಸ್ವಲ್ಪ ಹೊತ್ತಿಗೆ ಬಾಗಿಲು ಢಬ್ಬೆಂದು ಬಡಿದುಕೊಂಡಿತು. ಕಂಬಳಿ ಕೋಣೆಯೊಳಗಿಂದ ದರ್ಜಿ ಗದರಿದ: "ಯಾವನೋ ಅವನು, ನನ್ನ ಕಾಲು ಎತ್ತಿದವನು?"

ಅಮ್ಮ ಬೀಗ ತೆಗೆಸಿ ಅವನ ಕಾಲು ಕೊಡಿಸಿದರು. ಟಕ್, ಟಕ್ ಎಂದು ಗೋಡೆ ಹಿಡಿದುಕೊಂಡು ದರ್ಜಿ ಬಂದ. ಸಾಹೇಬರು ನಡುವೆ ನಿಂತೇ ಇದ್ದರು; ಅವರಿಗೆ ಏಳದ ನಾವು ಇವನಿಗೆ ಎದ್ದು ನಿಂತೆವು. ಯಾರೂ ಹೇಳಿರಲಿಲ್ಲ.

"ಕೂತ್ಕೊಳ್ರೋ ಮುಂಡೇವಾ," ಎಂದ ದರ್ಜಿ, ಕಣ್ಣೊರೆಸಿಕೊಳ್ಳುತ್ತ. "ನಾನೇನು ಸಾಹೇಬನಾ?"

ಹೆಡ್ ವಾರ್ಡರ್ ಕೊಟ್ಟ ಮಾತಿಗೆ ತಪ್ಪುವವನಲ್ಲ. ಅಮ್ಮ ಹೇಳದೆ ಕೇಳದೆ ಮತ್ತೆ ಬರುತ್ತಾರಂತೆ. ಅವರು ಬರುವ ಮೊದಲೇ ಅವನು ತನ್ನ ಕೆಲಸ ಮುಗಿಸಿದ. ನನ್ನ ಬಿಡುಗಡೆಯೂ ನಿಂತಿತು. ಈಗ ನನ್ನ ಕಾಲಿಗೆ ಹಲಗೆ ಕಟ್ಟಿದೆ, ದರ್ಜಿಯ ಹೆಗಲಿಗೆ ಜೋತುಬಿದ್ದು ಕಕ್ಕಸಿಗೆ ಹೋಗುತ್ತೇನೆ. ಆಚೆ ಸಾಹೇಬರ ಬಾಗಿಲು ಇಡೀ ದಿನ ಬಡಿದುಕೊಳ್ಳುತ್ತದೆ.

"ಹುಷಾರೋ ಕತ್ತೆ," ಎನ್ನುತ್ತಾನೆ ದರ್ಜಿ. "ಸಾಹೇಬ್ರು ಒಂದು ಕಾಲು ಹುಡುಕ್ತಾ ಇದ್ದಾರೆ."