ಮಖಮಲ್ಲಿನ ಎಡತೋಳು

ಲೋಕದಲ್ಲಿ ರಾಜ್ಯಗಳು ಹುಟ್ಟಿ ಅಳಿಯುತ್ತಿರಬಹುದು. ಆ ಹೊಲಿಗೆ ಅಂಗಡಿಯ ಮಟ್ಟಿಗೆ ಮಾತ್ರ ಆ ವರ್ಷದ ಮಹಾಪ್ರಶ್ನೆ ಎಂದರೆ ಕಿಟಕಿ ಪಕ್ಕದ ಮೇಜು ಯಾರಿಗೆ ಎಂಬುದು. ಅಂಗಡಿಗಿದ್ದದ್ದು ಒಂದೇ ಕಿಟಕಿ. ಅಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಮುದುಕ ಕಣ್ಣು ಮಂಜಾಗಿ ಮನೆ ಸೇರಿದ್ದ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಬಟ್ಟೆ ಕತ್ತರಿಸುವವರು ಉಳಿದದ್ದು ಇಬ್ಬರು: ಹಿರಿಯ ಮಾಸ್ತರ, ಮತ್ತು ಅವನ ಹೆಂಡತಿಯ ತಮ್ಮ. "ಈ ಸಲ ಯಾರ ಕೋಟು ಚೆನ್ನಾಗಿ ಬರುತ್ತೋ ಅವರಿಗೇ ಕಿಟಕಿ" ಎಂದು ಅಂಗಡಿಯ ಯಜಮಾನಿ ಹೇಳಿಬಿಟ್ಟಿದ್ದಳು.

ಭಾವಮೈದುನನನ್ನು ಕಂಡರೆ ಮಾಸ್ತರನಿಗೆ ಹೊಟ್ಟೆಯಲ್ಲಿ ಬೆಂಕಿ. ಅವನನ್ನು ಕೆಲಸಕ್ಕೆ ಸೇರಿಸಿದ್ದು ತಾನೇ ಎಂಬುದು ಆ ಬೆಂಕಿಗೆ ಎಣ್ಣೆ. ಗಿರಾಕಿಗಳು ಬಂದು, "ಆ ನಗುಮುಖದವರು ಇಲ್ವಾ?" ಎನ್ನುತ್ತಿದ್ದರು. ಎದುರಿಗೆ ನಿಂತವನೇನು ಅಳುಮುಖದವನೇ? ಮನೆಗೆ ಅವನು ಬಂದ ದಿನ ಹೆಂಡತಿ ಬೀರುವಿನಿಂದ ಒಳ್ಳೆಯ ತಟ್ಟೆ ತೆಗೆಯುತ್ತಿದ್ದಳು. ಮಾಸ್ತರ ಇಷ್ಟಪಟ್ಟವರನ್ನೆಲ್ಲ ಏಕವಚನದಲ್ಲಿ ಬೈಯುತ್ತಿದ್ದ, ಇವನೊಬ್ಬನಿಗೆ ಬಹುವಚನ. ಅಷ್ಟು ದ್ವೇಷ.

ಒಬ್ಬ ಕತ್ತರಿಸಿದ್ದನ್ನು ಇನ್ನೊಬ್ಬ ಪರೀಕ್ಷಿಸಿ, ಸೀಮೆಸುಣ್ಣದ ಗೀಟು ಎಳೆದ ಮೇಲೆಯೇ ಅದು ಮಷೀನಿಗೆ ಹೋಗಬೇಕೆಂಬುದು ಅಂಗಡಿಯ ಕಟ್ಟಳೆ. ಭಾವಮೈದುನ ತನ್ನ ಕೋಟಿಗೆ ಕತ್ತರಿಸಿದ ಕಡುನೀಲಿ ಮಖಮಲ್ಲಿನ ತುಂಡುಗಳನ್ನು ತಂದಿಟ್ಟ.

"ಗೀಟು ಹಾಕಿ ಭಾವ, ಮಷೀನಿನವ ಕಾಯ್ತಿದಾನೆ."

ಮಾಸ್ತರ ಕೈ ಆಡಿಸಿದ. ಬಲತೋಳಿನ ಮೇಲೆ ಅಂಗೈ ಕೆಳಮುಖವಾಗಿ ನುಣ್ಣಗೆ ಜಾರಿತು. ಎಡತೋಳಿನ ನವಿರು ಮಾತ್ರ, ಬಾಲದ ಕಡೆಯಿಂದ ಸವರಿದ ಬೆಕ್ಕಿನ ಕೂದಲಿನಂತೆ ಎದುರು ನಿಂತಿತು. ತಲೆಕೆಳಗಾಗಿ ಕತ್ತರಿಸಿದ್ದ! ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಬಣ್ಣ. ಬಿಸಿಲಿಗೆ ಹೋದರೆ ಒಂದು ನೀಲಿ, ಇನ್ನೊಂದು ಕಪ್ಪು.

ಮಾಸ್ತರನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಂದು ಗೀಟು ಎಳೆದರೆ ಸಾಕು, ಕಿಟಕಿ ತನ್ನದು. ಹೊಲಿದು ಬ್ರಷ್ ಹೊಡೆದ ಮೇಲೆ ಗೀಟೂ ಇರುವುದಿಲ್ಲ. ಕೇಳಿದರೆ, ಬೈಸಿಕೊಳ್ಳಲು ಟ್ಯೂಬ್‌ಲೈಟಿದೆ.

ಸುಣ್ಣ ಬಟ್ಟೆಯ ತನಕ ಹೋಯಿತು. ಬೆಳಿಗ್ಗೆ ತನ್ನ ಉಣ್ಣೆಯ ಕೋಟಿನ ಕಾಲರನ್ನು ಇವನೇ ಎರಡೆರಡು ಸಲ ಅಳೆದು, ಕೂದಲೆಳೆಯಷ್ಟು ಸರಿಮಾಡಿಸಿ ಗೀಟು ಹಾಕಿದ್ದ, ಹಾಳಾದವನು. ಇಂಥವನನ್ನು ನೆಮ್ಮದಿಯಾಗಿ ದ್ವೇಷಿಸುವುದಾದರೂ ಹೇಗೆ?

"ಸ್ವಲ್ಪ ಇಲ್ಲಿ ಬನ್ನಿ," ಎಂದ. "ತಮ್ಮ ಕೈ ಇಲ್ಲಿಡಿ. ಕೆಳಕ್ಕೆ ಸವರಿ. ಈಗ ಇದನ್ನ."

ನಗುಮುಖ ಮೊದಲ ಸಲ ಇಳಿಯಿತು. "ಅಯ್ಯೋ ಭಾವ, ನನ್ನ ಮಾನ ಉಳಿಸಿದ್ರಿ!"

"ಮಾನದ ಮಾತು ಆಮೇಲೆ. ಬಟ್ಟೆ ಉಳಿದಿದೆಯಾ?"

"ಒಂದು ತೋಳಿಗೆ ಆಗುತ್ತೆ. ನನ್ನ ಮೇಲೆ ಎಷ್ಟು ಪ್ರೀತಿ ನಿಮಗೆ!"

"ದಯವಿಟ್ಟು ಬಾಯಿ ಮುಚ್ಚಿ, ಕತ್ತರಿಸಿ."

ಹೊಸ ತೋಳು ಬಂತು. ಮಾಸ್ತರ ತಪ್ಪಿಗಾಗಿ ಹುಡುಕಿ ಹುಡುಕಿ, ಒಂದೂ ಸಿಗದೆ, ಹಲ್ಲು ಕಚ್ಚಿಕೊಂಡು ನೆಟ್ಟಗೆ ಗೀಟು ಎಳೆದ.

ವಾರದ ಕೊನೆಗೆ ಯಜಮಾನಿ ಎರಡೂ ಕೋಟುಗಳನ್ನು ಬಿಸಿಲಿಗೆ ಹಿಡಿದು ನೋಡಿದಳು. ಮಖಮಲ್ಲಿನದು ಹೆಚ್ಚು ಚೆನ್ನಾಗಿತ್ತು. ಕಿಟಕಿ ಪಕ್ಕದ ಮೇಜು ಭಾವಮೈದುನನಿಗೆ ಹೋಯಿತು.